ಅರಣ್ಯದ ತೂಕ ಮತ್ತು ಅಚೌರ್ಯವ್ರತ

ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಡುವಾಗ ಕಿರಿದಾದ ಕೊಳಗವನ್ನೂ ಕೊಳ್ಳುವಾಗ ಹಿರಿದಾದ ಕೊಳಗವನ್ನೂ ಬಳಸುವ ವರ್ತಕನು ಯಾರ ಮನೆಗೂ ಕನ್ನ ಹಾಕಿದವನಲ್ಲ. ಆದರೂ ಅವನ ನಡೆಯನ್ನು ಆಚಾರ್ಯರು ಕಳವಿನ ಪಕ್ಕದಲ್ಲಿಯೇ ಇರಿಸಿದ್ದಾರೆ. ಅಂಗಡಿಯನ್ನೋ ಹೊಲವನ್ನೋ ನಂಬಿ ಬದುಕಿದ ಮನೆತನಗಳಿಗೆ ಈ ಎಚ್ಚರಿಕೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದರೆ ಅಳೆಯಬೇಕಾದ ವಸ್ತು ಅಕ್ಕಿಯೋ ಅಡಿಕೆಯೋ ಆಗಿರದೆ ಒಂದು ಅರಣ್ಯವೇ ಆಗಿದ್ದರೆ ಏನು? ಕಾಡಿನೊಳಗಿನ ಇಂಗಾಲವನ್ನು ಟನ್ನುಗಳಲ್ಲಿ ಎಣಿಸಿ ರಾಷ್ಟ್ರಗಳು ಲೆಕ್ಕ ಒಪ್ಪಿಸುವ, ಕಂಪೆನಿಗಳು ಅದನ್ನು ಕೊಂಡು ಮಾರುವ ಕಾಲವಿದು. ಇಲ್ಲಿ ಸರಿಯಾದ ಕೊಳಗ ಯಾವುದೆಂಬುದು ವಿಚಾರಣೀಯ.

ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ನ್ಯೂ ಇಂಗ್ಲೆಂಡ್ ಎಂಬ ಸಮಶೀತೋಷ್ಣ ಪ್ರದೇಶವು ಈ ವಿಚಾರಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ವೇಳೆಗೆ ಕಾಡಿನ ಬಹುಪಾಲು ಅಳಿದು ಹೊಲ, ಹುಲ್ಲುಗಾವಲುಗಳಾಗಿದ್ದವು. ರೈತರು ನೆಲದಿಂದ ಎತ್ತಿದ ಕಲ್ಲುಗಳನ್ನು ಒಟ್ಟಿ ಮೈಲುಗಟ್ಟಲೆ ಗೋಡೆ ಕಟ್ಟಿದರು. 1825ರಲ್ಲಿ ಈರೀ ಕಾಲುವೆ ತೆರೆಯಿತು, ಹಿಂದೆಯೇ ರೈಲು ಬಂದಿತು. ಓಹಾಯೊ, ಇಲಿನಾಯ್ ಮುಂತಾದ ಕಡೆಗಳ ಆಳವಾದ ಫಲವತ್ತಾದ ಮಣ್ಣಿನ ಮುಂದೆ ಈ ಕಲ್ಲುನೆಲದ ಬೇಸಾಯ ನಿಲ್ಲಲಾರದೆ ಹೋಯಿತು. ಬೀಳುಬಿಟ್ಟ ಹೊಲಗಳಿಗೆ ಮೊದಲು ಬಿಳಿ ಪೈನ್ ಮರ ಬಂದಿತು, ಅದರ ನೆರಳಿನಲ್ಲಿ ಓಕ್ ಮೊಳೆಯಿತು. ಅಳಿಲುಗಳು ಹೂತಿಟ್ಟು ಮರೆತ ಬೀಜಗಳಿಂದ ಕಾಡು ಹೇಗೆ ಮರಳುತ್ತದೆಂಬುದನ್ನು ಹೆನ್ರಿ ಥೋರೋ 1860ರಲ್ಲಿಯೇ ಕಾಂಕಾರ್ಡ್‌ನ ಕೃಷಿಕರ ಸಭೆಯಲ್ಲಿ ವಿವರಿಸಿದ್ದನು. ಇಂದು ಸುಮಾರು 70 ಲಕ್ಷ ಜನರಿರುವ ಆ ರಾಜ್ಯದ ನೆಲದಲ್ಲಿ ನೂರಕ್ಕೆ ಸುಮಾರು 60ರಷ್ಟು ಕಾಡು. ಅದರ ಬಹುಭಾಗವನ್ನು ಯಾರೂ ನೆಡಲಿಲ್ಲ; ಮನುಷ್ಯನು ಹಿಂದೆ ಸರಿದ ಕಡೆ ಅದು ತಾನಾಗಿ ಬಂದಿತು.

ಹೀಗೆ ಬಂದ ಕಾಡನ್ನು ಅಳೆಯುವ ಕ್ರಮ ಬಹು ಶ್ರಮದ್ದು. 1928ರ ಕಾನೂನೊಂದರ ಮೇರೆಗೆ ಆರಂಭವಾದ ಅಮೆರಿಕದ ಅರಣ್ಯಗಣತಿ ಇಂದಿಗೂ ನಡೆದಿದೆ. ಸುಮಾರು 6000 ಎಕರೆಗೆ ಒಂದರಂತೆ ಗುರುತಿಸಿದ ನೆಲೆಗಳಿಗೆ ಕೆಲಸಗಾರರು ಹೋಗಿ, ಮರದ ಬುಡದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ವ್ಯಾಸವನ್ನು ಅಳೆಯುತ್ತಾರೆ. ಜಾತಿ, ಎತ್ತರಗಳನ್ನು ಬರೆದುಕೊಳ್ಳುತ್ತಾರೆ. ಕೆಲವು ವರ್ಷಗಳ ಬಳಿಕ ಅದೇ ಮರದ ಬಳಿಗೆ ಮರಳಿ ಬರುತ್ತಾರೆ. ವ್ಯಾಸದಿಂದ ತೂಕವನ್ನು ತಿಳಿಯಲು ಸಮೀಕರಣಗಳಿವೆ. ಒಣಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧಭಾಗ ಇಂಗಾಲ. ಈ ಸಮೀಕರಣಗಳಾದರೂ ಹುಟ್ಟಿದ್ದು ಹೇಗೆ? ಹಿಂದೆ ಮರಗಳನ್ನು ಕಡಿದು, ಕೊಂಬೆ ಎಲೆಗಳನ್ನು ಬೇರ್ಪಡಿಸಿ, ಒಣಗಿಸಿ, ತಕ್ಕಡಿಯಲ್ಲಿಟ್ಟು ತೂಗಿದವರ ಲೆಕ್ಕದಿಂದ. ನಿಂತ ಮರವನ್ನು ನೋಯಿಸದೆ ತೂಗುವ ವಿದ್ಯೆಯ ಬುಡದಲ್ಲಿಯೂ ಉರುಳಿದ ಮರಗಳಿವೆ.

ಮ್ಯಾಸಚೂಸೆಟ್ಸ್‌ನ ಪೀಟರ್‌ಷಾಮ್ ಎಂಬಲ್ಲಿ 1907ರಲ್ಲಿ ಸ್ಥಾಪಿತವಾದ ಹಾರ್ವರ್ಡ್ ಫಾರೆಸ್ಟ್ ಎಂಬ ಸಂಶೋಧನಾ ಅರಣ್ಯದಲ್ಲಿ ಇನ್ನೊಂದು ವಿಧದ ಅಳತೆ 1991ರಿಂದ ನಡೆದುಬಂದಿದೆ. ಮರಗಳ ನೆತ್ತಿಗಿಂತ ಎತ್ತರವಾದ ಗೋಪುರವೊಂದರ ಮೇಲೆ ಗಾಳಿಯ ಏರಿಳಿತವನ್ನೂ ಅದರಲ್ಲಿನ ಇಂಗಾಲದ ಡೈ ಆಕ್ಸೈಡ್ ಪ್ರಮಾಣವನ್ನೂ ಸೆಕೆಂಡಿಗೆ ಹಲವು ಬಾರಿ ದಾಖಲಿಸುವ ಉಪಕರಣಗಳಿವೆ. ಹಗಲು ಕಾಡು ಒಳಗೆಳೆದುಕೊಂಡದ್ದೆಷ್ಟು, ಇರುಳು ಮರವೂ ಮಣ್ಣೂ ಹೊರಬಿಟ್ಟದ್ದೆಷ್ಟು ಎಂಬ ಜಮಾಖರ್ಚು ಅಲ್ಲಿ ಸಿಗುತ್ತದೆ. 1993ರಿಂದ 2000ದವರೆಗಿನ ಲೆಕ್ಕವು ವರ್ಷಕ್ಕೆ ಹೆಕ್ಟೇರಿಗೆ ಸರಾಸರಿ ಸುಮಾರು 2 ಟನ್ ಇಂಗಾಲದ ಉಳಿತಾಯವನ್ನು ತೋರಿಸಿತು. ಗಾಳಿಯನ್ನು ಅಳೆದ ಗೋಪುರವೂ, ಮರಗಳನ್ನೂ ಬಿದ್ದ ಸೌದೆಯನ್ನೂ ಅಳೆದ ಕೈಗಳೂ ಬೇರೆಬೇರೆ ದಾರಿಯಿಂದ ಬಂದು ಹತ್ತಿರ ಹತ್ತಿರದ ಉತ್ತರಗಳನ್ನೇ ಕಂಡುಕೊಂಡವು. ಎರಡು ತಕ್ಕಡಿಗಳಲ್ಲಿ ತೂಗಿ ನೋಡುವ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಅದಕ್ಕಿಂತ ಮೆಚ್ಚತಕ್ಕದ್ದು ಆ ವಿಜ್ಞಾನಿಗಳು ಕೊಟ್ಟ ವಿವರಣೆ. ಈ ಉಳಿತಾಯಕ್ಕೆ ಮುಖ್ಯ ಕಾರಣ ಹಿಂದಿನ ಬೇಸಾಯ, ಕಡಿತ ಹಾಗೂ 1938ರ ಸೆಪ್ಟೆಂಬರಿನ ಭಾರಿ ಚಂಡಮಾರುತ ಇವುಗಳಿಂದ ಆದ ನಷ್ಟವನ್ನು ಕಾಡು ಇನ್ನೂ ತುಂಬಿಕೊಳ್ಳುತ್ತಿರುವುದೇ ಎಂದು ಅವರು 2001ರಲ್ಲಿ ಬರೆದರು. ಎಂದರೆ ಅದು ಹೊಸದಾಗಿ ಗಳಿಸಿದ ಸಂಪತ್ತಲ್ಲ, ಹಳೆಯ ಸಾಲ ತೀರುತ್ತಿರುವ ಕಂತು.

ತೂಕ ಸರಿಯಾಗಿದ್ದ ಮಾತ್ರಕ್ಕೆ ತೂಗಿದ ವಸ್ತು ಪೂರ್ತಿ ತಿಳಿದಂತಾಗುವುದಿಲ್ಲ. ಗಣತಿಯ ನಿಯಮದಂತೆ ಕನಿಷ್ಠ ಒಂದು ಎಕರೆ ವಿಸ್ತಾರವಿದ್ದು ನೂರಕ್ಕೆ ಹತ್ತು ಭಾಗ ಮರದ ನೆರಳಿದ್ದರೆ, ಅಥವಾ ಹಿಂದೆ ಇದ್ದು ಮತ್ತೆ ಬೆಳೆಯುವಂತಿದ್ದರೆ, ಅದು ಕಾಡು. ಕಳೆದ ವರ್ಷ ಬೋಳಾದ ಗುಡ್ಡವೂ ಬೇರೆ ಉಪಯೋಗಕ್ಕೆ ಹೋಗದಿದ್ದಲ್ಲಿ ಕಡತದಲ್ಲಿ ಕಾಡಾಗಿಯೇ ಇರುತ್ತದೆ. ನ್ಯೂಯಾರ್ಕಿನಲ್ಲಿ 1904ರಲ್ಲಿ ಕಾಣಿಸಿಕೊಂಡ ಬೂಷ್ಟುರೋಗವೊಂದು ಅರ್ಧ ಶತಮಾನದೊಳಗೆ ಪೂರ್ವ ಅಮೆರಿಕದ ಚೆಸ್ಟ್‌ನಟ್ ಮರಗಳನ್ನು ಕೋಟಿಗಟ್ಟಲೆ ಕೊಂದಿತು. ಇಂದಿಗೂ ಹಳೆಯ ಬೇರುಗಳಿಂದ ಚಿಗುರು ಬರುತ್ತದೆ, ಆಳೆತ್ತರ ಬೆಳೆದು ಮತ್ತೆ ಸಾಯುತ್ತದೆ. ಅದರ ಜಾಗವನ್ನು ಓಕ್, ಮೇಪಲ್‌ಗಳು ತುಂಬಿವೆ. ಇಂಗಾಲದ ಅಂಕಣದಲ್ಲಿ ಆ ಕೊರತೆ ಕಾಣಿಸದು. ಇನ್ನು ಕಾಡಿನ ರಚನೆಯನ್ನು, ಎಂದರೆ ಮರಗಳ ಎತ್ತರವನ್ನೂ ಎಲೆಗಳ ಅಂತಸ್ತುಗಳನ್ನೂ, ಕಾಣಲು ವಿಮಾನದಿಂದಲೂ, 2018ರ ಡಿಸೆಂಬರಿನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಿದ ಉಪಕರಣದಿಂದಲೂ ಲೇಸರ್ ಕಿರಣಗಳನ್ನು ಹಾಯಿಸುತ್ತಾರೆ. ಸ್ವಾರಸ್ಯವೆಂದರೆ, ವಿಮಾನದ ಲೇಸರ್ ಎಲೆಗಳ ಸಂದಿನಿಂದ ಇಳಿದು ನೆಲವನ್ನೂ ಮುಟ್ಟುತ್ತದೆ. ದಟ್ಟ ಕಾಡಿನ ಅಡಿಯಲ್ಲಿ ಹಳೆಯ ರೈತರ ಕಲ್ಲುಗೋಡೆಗಳು ಗೆರೆಗೆರೆಯಾಗಿ ಎದ್ದು ಕಾಣುವುದನ್ನು ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿದರು.

ಆ ಗೋಡೆಗಳನ್ನು ಬಿಟ್ಟುಹೋದವರು ಎಲ್ಲಿಗೆ ಹೋದರು, ಅವರ ಅನ್ನ ಎಲ್ಲಿಂದ ಬಂದಿತು ಎಂದು ಕೇಳಿದಾಗ ಲೆಕ್ಕದ ಇನ್ನೊಂದು ಪುಟ ತೆರೆಯುತ್ತದೆ. ಅನ್ನ ಬಂದದ್ದು ನೇಗಿಲಿಗೆ ಸಿಕ್ಕ ಪಶ್ಚಿಮದ ಹುಲ್ಲುಬಯಲುಗಳಿಂದ. ಮನೆ ಕಟ್ಟುವ ಹಲಗೆ ಬಂದದ್ದು ಮಿಷಿಗನ್, ವಿಸ್ಕಾನ್ಸಿನ್‌ಗಳ ಪೈನ್ ಕಾಡುಗಳಿಂದ. ಅವು ಆ ಶತಮಾನ ಮುಗಿಯುವುದರೊಳಗೆ ಬಹುಮಟ್ಟಿಗೆ ಬರಿದಾದವು. ಒಲೆಗೆ ಸೌದೆಯ ಬದಲು ಕಲ್ಲಿದ್ದಲು ಬಂದಿತು. ಕಲ್ಲಿದ್ದಲು ಉರಿದುದರಿಂದ ಉಳಿದ ಮರವನ್ನೇ ಇಂದು ಕಲ್ಲಿದ್ದಲಿನ ಹೊಗೆಯನ್ನು ಹೀರಿದ ಮರವೆಂದು ಜಮಾ ಮಾಡಲಾಗುತ್ತಿದೆ! ಹಾರ್ವರ್ಡ್ ಫಾರೆಸ್ಟ್‌ನಿಂದ 2002ರಲ್ಲಿ ಹೊರಬಂದ ಪ್ರಬಂಧವೊಂದು ಈ ಸ್ಥಿತಿಯನ್ನು ಸಂರಕ್ಷಣೆಯ ಭ್ರಮೆ ಎಂದು ಕರೆಯಿತು. ಆ ರಾಜ್ಯದ ಜನ ತಮ್ಮ ಕಾಡನ್ನು ಪ್ರೀತಿಯಿಂದ ಕಾಯುತ್ತಾರೆ. ಆದರೆ ಬಳಸುವ ಮರದಲ್ಲಿ ಅತ್ಯಲ್ಪ ಭಾಗ ಮಾತ್ರ ಅಲ್ಲಿಯದು, ಉಳಿದುದೆಲ್ಲವೂ ಹೊರಗಿನದು. ರಾಷ್ಟ್ರಗಳು ಒಪ್ಪಿಸುವ ಲೆಕ್ಕದ ಪದ್ಧತಿಯಲ್ಲಿಯೂ ಮರ ಕಡಿದ ನಷ್ಟವು ಕಡಿದ ದೇಶದ ಖಾತೆಗೆ ಹೋಗುತ್ತದೆಯೇ ಹೊರತು ತರಿಸಿಕೊಂಡ ದೇಶದ ಖಾತೆಗಲ್ಲ.

ಗಡಿಯೊಳಗಿನ ತೂಕದಲ್ಲಿ ಇಲ್ಲಿ ಒಂದು ಗುಲಗಂಜಿಯಷ್ಟೂ ಸುಳ್ಳಿಲ್ಲ. ಆದರೂ ಕೊಳಗ ಕಿರಿದು. ಶ್ರಾವಕಾಚಾರವು ಕರ್ಮವನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರಾಗಿ ವಿಂಗಡಿಸಿದ್ದು ಇಂತಹ ಸಂದರ್ಭವನ್ನು ಬಲ್ಲವರ ವಿವೇಕದಿಂದಲೇ. ತಾನು ಕೊಡಲಿ ಹಿಡಿಯದವನು ಹಿಡಿಸಿದವನಾಗಿರಬಹುದು. ಹಿಡಿಸದವನು ಹಲಗೆಯ ನಯವನ್ನು ಸವರಿ ಸಂತೋಷಪಟ್ಟವನಾಗಿರಬಹುದು. ದೂರ ಹೆಚ್ಚಿದಷ್ಟೂ ಕಾರಿತವು ಕಣ್ಣಿಗೆ ಮರೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಇಂಗಾಲದ ವ್ಯಾಪಾರದಲ್ಲಿ ಈ ತೊಡಕು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಕಾಡಿನ ಒಡೆಯನು ಮರಗಳನ್ನು ಕಡಿಯದೆ ಉಳಿಸುವೆನೆಂದು ಒಪ್ಪಿದರೆ ಅವನಿಗೆ ಹಣ. ಹಣ ಕೊಟ್ಟ ಕಂಪೆನಿಗೆ ಅಷ್ಟು ಹೊಗೆ ಬಿಡುವ ಸಮಾಧಾನ. ಆದರೆ ಅವನು ಹಣವಿಲ್ಲದಿದ್ದರೂ ಕಡಿಯುತ್ತಿರಲಿಲ್ಲವಾದರೆ? ಆಗ ಗಾಳಿಗೆ ಸೇರಿದ ಹೊಗೆ ನಿಜ, ಉಳಿದ ಮರ ಮಾತ್ರ ಹೊಸದಲ್ಲ. ಪ್ರತ್ಯಾಖ್ಯಾನದ ಸ್ವರೂಪವನ್ನು ಬಲ್ಲವರಿಗೆ ಇದು ಪರಿಚಿತ ಪ್ರಶ್ನೆ. ತನಗೆ ಎಂದೂ ರುಚಿಸದ ಪದಾರ್ಥವನ್ನು ಚಾತುರ್ಮಾಸದಲ್ಲಿ ಬಿಟ್ಟೆನೆನ್ನುವವನ ತ್ಯಾಗ ಎಷ್ಟರದು? ವ್ರತದಲ್ಲಿ ವಂಚನೆಯಾದರೆ ನಷ್ಟ ವ್ರತಧಾರಿಯದು ಮಾತ್ರ. ಇಲ್ಲಿಯಾದರೋ ಅದೇ ಹುಸಿತ್ಯಾಗವನ್ನು ಇನ್ನೊಬ್ಬನಿಗೆ ಮಾರಲಾಗುತ್ತದೆ, ಅವನು ಅದರ ಬಲದಿಂದ ನಿಜವಾದ ಹೊಗೆಯನ್ನು ಬಿಡುತ್ತಾನೆ. ಎಲ್ಲ ಒಪ್ಪಂದಗಳೂ ಹೀಗೆಂದಲ್ಲ. ಆದರೆ ಒಡೆಯನ ಮನಸ್ಸಿನಲ್ಲಿದ್ದುದನ್ನು ಯಾವ ಲೇಸರ್ ಕಿರಣವೂ ಅಳೆಯಲಾರದು.

ಇದೆಲ್ಲ ದೂರದೇಶದ ಸಮಾಚಾರವೆಂದು ಪಕ್ಕಕ್ಕಿಡುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ನಮ್ಮ ದೇಶದ ಕಾಡುಗಳ ಕಡಿತಕ್ಕೆ ಕಡಿವಾಣ ಹಾಕಿದ್ದು ಒಳ್ಳೆಯದೇ ಆಯಿತು. ಆದರೆ ಮನೆಗೂ ಬಸದಿಗೂ ತೇಗದ ಬಾಗಿಲು ಬೇಕೆಂಬ ಆಸೆ ಕಡಿಮೆಯಾಗಲಿಲ್ಲ. ಆ ದಿಮ್ಮಿಗಳು ಹಡಗಿನಲ್ಲಿ ಬರತೊಡಗಿದವು. 2014ರ ಏಪ್ರಿಲಿನಲ್ಲಿ ಮ್ಯಾನ್ಮಾರ್ ದೇಶವು ದಿಮ್ಮಿಗಳ ರಫ್ತನ್ನು ನಿಲ್ಲಿಸುವವರೆಗೆ ಅಲ್ಲಿನ ತೇಗಕ್ಕೆ ಭಾರತವು ದೊಡ್ಡ ಗಿರಾಕಿಯಾಗಿತ್ತು. ಜೀರ್ಣೋದ್ಧಾರದ ಸಮಿತಿಗಳು ಮರದ ದರಪಟ್ಟಿಯನ್ನು ಹತ್ತು ಕಡೆ ವಿಚಾರಿಸುತ್ತವೆ. ಅದು ಯಾವ ಕಾಡಿನಿಂದ ಬಂದಿತೆಂದು ವಿಚಾರಿಸುವುದು ಅಪರೂಪ.

ನ್ಯೂ ಇಂಗ್ಲೆಂಡಿನಲ್ಲಿ ಈ ಪ್ರಶ್ನೆಗೆ ಕೊಟ್ಟುಕೊಂಡ ಉತ್ತರ ಅಹಿಂಸಾಪರರಿಗೆ ಮೊದಲ ಕೇಳ್ವಿಗೆ ಕಹಿಯೆನಿಸಬಹುದು. ಅಲ್ಲಿನ ಅರಣ್ಯ ವಿಜ್ಞಾನಿಗಳು 2010ರಲ್ಲಿ ಮುಂದಿಟ್ಟ ಯೋಜನೆಯಂತೆ ಆ ಪ್ರದೇಶದ ನೂರಕ್ಕೆ 70 ಭಾಗ ನೆಲ ಶಾಶ್ವತವಾಗಿ ಕಾಡಾಗಿಯೇ ಉಳಿಯಬೇಕು; ಆ ಕಾಡಿನಲ್ಲಿ ಹತ್ತನೆಯ ಒಂದು ಪಾಲನ್ನು ಯಾರೂ ಮುಟ್ಟಬಾರದು; ಉಳಿದ ಒಂಬತ್ತು ಪಾಲಿನಲ್ಲಿ ಎಚ್ಚರದಿಂದ ಆಯ್ದು ಮರ ಕಡಿಯಬಹುದು. ಕಾಡನ್ನು ಪ್ರೀತಿಸುವವರೇ ತಮ್ಮ ಕಣ್ಣೆದುರು ಕೊಡಲಿಗೆ ಎಡೆಮಾಡಿಕೊಡುವ ಮಾತಿದು. 2002ರ ಪ್ರಬಂಧವಾದರೋ ಸ್ಥಳೀಯ ಕಡಿತದೊಡನೆ ಬಳಕೆಯನ್ನು ಇಳಿಸುವ ಮಾತನ್ನೂ ಆಡಿತ್ತು. ಪರಿಗ್ರಹ ಪರಿಮಾಣವನ್ನು ವ್ರತವಾಗಿ ಪಡೆದವರಿಗೆ ಈ ಎರಡನೆಯದು ಮೊದಲು ಬರಬೇಕು. ಅದು ನಡೆದ ಮೇಲೂ ಬೇಕಾಗಿ ಉಳಿಯುವ ಬಾಗಿಲು, ತೊಲೆ, ಕಾಗದಗಳಿಗೆ ಯಾವುದೋ ಕಾಡಿನ ಏಕೇಂದ್ರಿಯ ಜೀವವೊಂದು ಬೀಳಲೇಬೇಕು. ಬೀಳುವುದು ಕಾಣುವಷ್ಟು ಹತ್ತಿರದಲ್ಲಿ ಬಿದ್ದರೆ ಕಡಿಯುವವನ ಕೈ ತಡೆಯುವ ಸಂಭವವಾದರೂ ಉಂಟು.