ಸ್ವಾವಲಂಬನೆ ಎಂದರೇನು?

ಹೆಬ್ಬಾಳ, ಯಲಹಂಕಗಳನ್ನು ದಾಟಿ ದೇವನಹಳ್ಳಿಯತ್ತ ಸಾಗುವ ಬಳ್ಳಾರಿ ರಸ್ತೆಯಲ್ಲಿ ನಸುಕಿನಲ್ಲೇ ದೂರಪ್ರಯಾಣದ ಸೈಕಲ್ ಸವಾರರು ಕಾಣಸಿಗುತ್ತಾರೆ. ಇಂಥವರಲ್ಲಿ ಕೆಲವರು ‘ಬ್ರೆವೆ’ ಎಂಬ ದೀರ್ಘಯಾನವನ್ನು ಕೈಗೊಳ್ಳುವುದುಂಟು. 200 ಕಿಲೋಮೀಟರಿಗೆ 13½ ಗಂಟೆ, 600ಕ್ಕೆ 40 ಗಂಟೆ ಇದರ ಗಡುವು. 1891ರಲ್ಲಿ ಸ್ಪರ್ಧೆಯಾಗಿ ಆರಂಭವಾದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಯಾನ ಈ ಪರಂಪರೆಯಲ್ಲಿ ಪ್ರಸಿದ್ಧ. ಬ್ರೆವೆಯಾದರೋ ಸ್ಪರ್ಧೆಯಲ್ಲ. ಸವಾರನು ಸ್ವಾವಲಂಬಿಯಾಗಿರಬೇಕು, ಹಿಂಬಾಲಿಸುವ ವಾಹನ ಕೂಡದು, ತನ್ನವರ ನೆರವು ತಪಾಸಣಾ ಸ್ಥಳಗಳಲ್ಲಿ ಮಾತ್ರ ಎಂಬುದು ಅದರ ನಿಯಮ.

ಹಾಗಾದರೆ ದಾರಿಯ ಅಂಗಡಿಯಲ್ಲಿ ಎಳನೀರು ಕುಡಿದವನು ಸ್ವಾವಲಂಬಿಯೇ? ನಿಯಮ ಅದನ್ನು ತಡೆಯುವುದಿಲ್ಲ. ಇದರಲ್ಲೊಂದು ನೀತಿಯಿದೆ. ಅಂಗಡಿ ಎಲ್ಲರಿಗೂ ತೆರೆದಿರುತ್ತದೆ. ಹಿಂಬಾಲಿಸುವ ಕಾರು ಒಬ್ಬನಿಗೆ ಮಾತ್ರ ಮೀಸಲು. ನಿಷಿದ್ಧವಾದುದು ಪರಸ್ಪರೋಪಕಾರವಲ್ಲ, ತನಗೊಬ್ಬನಿಗೇ ಕಾದಿರಿಸಿದ ಅನುಕೂಲ.

ಪಿಂಛಿ, ಕಮಂಡಲುಗಳೊಡನೆ ಬರಿಗಾಲಲ್ಲಿ ವಿಹರಿಸುವ ಮುನಿಗಳೂ ಶ್ರಾವಕರ ಮನೆಯ ಆಹಾರವನ್ನು ಸ್ವೀಕರಿಸುತ್ತಾರೆ. ಆದರೆ ತಮಗೆಂದೇ ಸಿದ್ಧಪಡಿಸಿದ ಉದ್ದಿಷ್ಟಾಹಾರ ಅವರಿಗೆ ವರ್ಜ್ಯ. ಎರಡೂ ಒಂದೇ ಎನ್ನಲಾಗದು. ಸವಾರನು ಹೊರೆ ಇಳಿಸುವುದು ವೇಗಕ್ಕಾಗಿ, ಮುನಿಗಳು ತ್ಯಜಿಸುವುದು ಮಮಕಾರವನ್ನು. ಚೀಲ ಹಗುರಾದ ಮಾತ್ರಕ್ಕೆ ಅಪರಿಗ್ರಹ ಸಿದ್ಧಿಸದು. ಮುಗಿಸಿದೆನೆಂಬ ಅಭಿಮಾನವೂ ಪರಿಗ್ರಹವೇ.

ಆದರೂ ಗೃಹಸ್ಥನಿಗೆ ಇಲ್ಲೊಂದು ಅಳತೆಗೋಲು ದೊರೆಯುತ್ತದೆ. ಪರರ ನೆರವಿಲ್ಲದೆ ಯಾರೂ ಬಾಳಲಾರರು, ವ್ಯಾಪಾರಿಯಂತೂ ಬಾಳಲಾರನು. ಕೇಳಿಕೊಳ್ಳಬೇಕಾದುದು ಇಷ್ಟೇ: ತಾನು ಪಡೆಯುತ್ತಿರುವ ಅನುಕೂಲ ಸಾಲಿನಲ್ಲಿ ನಿಂತ ಇತರರಿಗೂ ದೊರೆಯುವಂಥದೋ, ಅಥವಾ ತನ್ನ ಹಿಂದೆ ಬರುತ್ತಿರುವ ಗುಪ್ತವಾಹನವೋ? ಪರಿಮಾಣವ್ರತವನ್ನು ಕೈಗೊಂಡವನು ಆಸ್ತಿಯನ್ನಷ್ಟೇ ಅಲ್ಲ, ಇಂಥ ಅನುಕೂಲಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.