ಇಂದಿನ ಧಮ್ಮ ಚಿಂತನೆ: ಅವನು ಹಾಗಾದದ್ದು ಹೇಗೆ?





ಅತ್ಯಾಚಾರದ ಸುದ್ದಿ ಪತ್ರಿಕೆಯಲ್ಲಿ ಬಂದ ದಿನವೆಲ್ಲಾ ನಮ್ಮ ಗುಂಪಿನಲ್ಲಿ ಎರಡು ಬಗೆಯ ಮಾತು ಬರುತ್ತದೆ. ಒಬ್ಬರು "ಅವನು ಮನುಷ್ಯನೇ ಅಲ್ಲ, ರಾಕ್ಷಸ, ನೇಣಿಗೆ ಹಾಕಿ" ಎಂದು ಬರೆಯುತ್ತಾರೆ. ಇನ್ನೊಬ್ಬರು "ಚಿಕ್ಕಂದಿನಲ್ಲಿ ಅವನಿಗೆ ಏನಾಗಿತ್ತೋ ಯಾರು ಬಲ್ಲರು, ಅವನೂ ಒಬ್ಬ ತಾಯಿಯ ಮಗನೇ" ಎನ್ನುತ್ತಾರೆ. ಇವರ ಮಾತು ಕೇಳಿ ಅವರಿಗೆ ಸಿಟ್ಟು, ಅವರ ಮಾತು ಕೇಳಿ ಇವರಿಗೆ ಸಂಕಟ. ಇಬ್ಬರೂ ಶೀಲ ಸ್ವೀಕರಿಸಿದವರೇ. ಹಾಗಾಗಿ ಈ ಪ್ರಶ್ನೆಯನ್ನು ಇಂದು ನೇರವಾಗಿಯೇ ತೆಗೆದುಕೊಳ್ಳೋಣ. ಓದಲು ಕಷ್ಟವಾಗುವ ವಿಷಯ. ಮನೆಯಲ್ಲಿ ನೊಂದವರಿದ್ದರೆ ಅವರಿಗೆ ಒತ್ತಾಯ ಮಾಡಿ ಓದಿಸಬೇಡಿ.

ಮೊದಲು ಆ 'ರಾಕ್ಷಸ' ಎಂಬ ಪದ. ಅದನ್ನು ಪುರಾಣಗಳು ಯಾರ ಮೇಲೆ ಹೊರಿಸಿದವು ಎಂಬುದು ನಮಗೆ ಗೊತ್ತಿದೆ. ಹುಟ್ಟಿನಿಂದಲೇ ಒಬ್ಬ ಕೆಟ್ಟವನು, ಇನ್ನೊಬ್ಬ ಒಳ್ಳೆಯವನು ಎಂಬುದನ್ನು ಧಮ್ಮ ಒಪ್ಪುವುದಿಲ್ಲ. ಪ್ರತೀತ್ಯ ಸಮುತ್ಪಾದದ ಪ್ರಕಾರ ಯಾವುದೂ ಕಾರಣವಿಲ್ಲದೆ ಹುಟ್ಟುವುದಿಲ್ಲ, ಕಾರಣ ಇಲ್ಲವಾದರೆ ಅದೂ ಇಲ್ಲವಾಗುತ್ತದೆ. ಇನ್ನು ಕೆಲವರು "ಆ ಹುಡುಗಿಯ ಪೂರ್ವಜನ್ಮದ ಕರ್ಮ" ಎನ್ನುವುದುಂಟು. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಈ ಪೂರ್ವಕರ್ಮದ ವಾದವನ್ನು ತಳ್ಳಿಹಾಕಿದ್ದಾರೆ. ಬಡವರ, ತುಳಿತಕ್ಕೊಳಗಾದವರ ಸ್ಥಿತಿಗೆ ಸಮಾಜವೂ ಸರ್ಕಾರವೂ ಹೊಣೆಯಿಂದ ಜಾರಿಕೊಳ್ಳಲು ಅದು ದಾರಿ ಮಾಡಿಕೊಡುತ್ತದೆ ಎಂಬುದು ಅವರ ಆಕ್ಷೇಪ. ಆದ್ದರಿಂದ ಕಾರಣ ಹುಡುಕುವುದೆಂದರೆ ಈ ಜನ್ಮದಲ್ಲಿ, ಈ ಮನೆಯಲ್ಲಿ, ಈ ಊರಿನಲ್ಲಿ ಹುಡುಕುವುದು.

ಹುಡುಕಿದವರಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾಥಿ ಸ್ಪ್ಯಾಟ್ಜ್ ವಿಡಮ್ ಅವರ ಕೆಲಸ ಇವುಗಳಲ್ಲಿ ದೊಡ್ಡದು. 1967ರಿಂದ 1971ರವರೆಗೆ ಹೊಡೆತ, ನಿರ್ಲಕ್ಷ್ಯ ಅಥವಾ ಲೈಂಗಿಕ ದೌರ್ಜನ್ಯಕ್ಕೆ ಒಳಗಾದರೆಂದು ನ್ಯಾಯಾಲಯದಲ್ಲಿ ದಾಖಲಾಗಿದ್ದ 908 ಮಕ್ಕಳನ್ನು ಅವರು ತೆಗೆದುಕೊಂಡರು. ಅದೇ ವಯಸ್ಸಿನ, ಅದೇ ಬಗೆಯ ಬಡಾವಣೆಯ, ಆದರೆ ಅಂಥ ದಾಖಲೆ ಇಲ್ಲದ 667 ಮಕ್ಕಳನ್ನು ಜೊತೆಗಿಟ್ಟರು. ಎರಡೂ ಗುಂಪು ದೊಡ್ಡವರಾಗಿ, ನಡುವಯಸ್ಸಿಗೆ ಬರುವವರೆಗೂ ದಶಕಗಳ ಕಾಲ ಗಮನಿಸಿದರು. ಈ ಕ್ರಮ ಏಕೆ ಮುಖ್ಯ ಗೊತ್ತೇ? ಜೈಲಿನಲ್ಲಿರುವವನನ್ನು "ಚಿಕ್ಕಂದಿನಲ್ಲಿ ನಿನಗೇನಾಯಿತು" ಎಂದು ಕೇಳಿದರೆ ಅವನು ತನಗೆ ಅನುಕೂಲವಾದದ್ದನ್ನು ಹೇಳಬಹುದು. ಇಲ್ಲಿ ಹಾಗಲ್ಲ. ಮಕ್ಕಳಿಗೆ ಆದದ್ದು ಮೊದಲೇ ದಾಖಲಾಗಿತ್ತು, ಮುಂದೆ ಏನಾದರೆಂದು ಕಾದು ನೋಡಿದರು.

ಕಂಡದ್ದು ಇದು. ನೊಂದ ಮಕ್ಕಳು ಮುಂದೆ ಅಪರಾಧಕ್ಕೆ ಸಿಕ್ಕಿಬೀಳುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆದರೆ ನೊಂದವರಲ್ಲಿ ಬಹುಪಾಲು ಮಂದಿ ಯಾರ ಮೇಲೂ ಕೈಮಾಡದೆ ಬದುಕಿದರು. 2015ರಲ್ಲಿ ಲೈಂಗಿಕ ಅಪರಾಧಗಳನ್ನೇ ಪ್ರತ್ಯೇಕವಾಗಿ ನೋಡಿದಾಗ ಇನ್ನೊಂದು ಅಂಶ ಹೊರಬಂತು. ಹೊಡೆತ ತಿಂದ, ಹೇಳುವವರು ಕೇಳುವವರಿಲ್ಲದೆ ಬೆಳೆದ ಮಕ್ಕಳಲ್ಲಿ ಆ ಸಾಧ್ಯತೆ ಏರಿತ್ತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳಲ್ಲಿ ಮಾತ್ರ ಅಂಥ ಸ್ಪಷ್ಟ ಸಂಬಂಧ ಕಾಣಲಿಲ್ಲ.

ಈ ಕೊನೆಯ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. "ಚಿಕ್ಕಂದಿನಲ್ಲಿ ಕೆಟ್ಟವರ ಕೈಗೆ ಸಿಕ್ಕ ಹುಡುಗ ದೊಡ್ಡವನಾಗಿ ತಾನೂ ಅದನ್ನೇ ಮಾಡುತ್ತಾನೆ" ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಹಾಸ್ಟೆಲಿನಲ್ಲೋ, ದುಡಿಯಲು ಹೋದ ಮನೆಯಲ್ಲೋ, ಬಂಧುಗಳಲ್ಲೇ ಯಾರಿಂದಲೋ ನೊಂದ ಹುಡುಗರು ನಮ್ಮ ಕೇರಿಗಳಲ್ಲೂ ಇದ್ದಾರೆ. ಅವರು ಬಾಯಿ ಬಿಡದಿರಲು ಈ ಮಾತೇ ಒಂದು ಕಾರಣ. ಹೇಳಿದರೆ ನಾಳೆ ತನ್ನನ್ನೇ ಅನುಮಾನದಿಂದ ನೋಡುತ್ತಾರೆ, ಅಣ್ಣನ ಮಗುವನ್ನು ಎತ್ತಿಕೊಳ್ಳಲೂ ಬಿಡುವುದಿಲ್ಲ ಎಂಬ ಅಂಜಿಕೆ. ಅವನ ಗಾಯದ ಮೇಲೆ ನಾವು ಕಳಂಕವನ್ನೂ ಹಚ್ಚುತ್ತಿದ್ದೇವೆ. ಸ್ವಲ್ಪ ಯೋಚಿಸಿ ನೋಡಿ: ಚಿಕ್ಕಂದಿನ ಲೈಂಗಿಕ ಹಿಂಸೆಯೊಂದೇ ಕಾರಣವಾಗಿದ್ದರೆ, ಅದನ್ನು ಹೆಚ್ಚಾಗಿ ಅನುಭವಿಸುವ ಹೆಣ್ಣುಮಕ್ಕಳೇ ಹೆಚ್ಚು ಅಪರಾಧಿಗಳಾಗಬೇಕಿತ್ತಲ್ಲವೇ? ಹಾಗಾಗಿಲ್ಲ. ಗಾಯಕ್ಕೂ ಕೃತ್ಯಕ್ಕೂ ನಡುವೆ ಇನ್ನೇನೋ ಇದೆ.

ಆ 'ಇನ್ನೇನೋ' ಯಾವುದೆಂದು ತಿಳಿಯಲು ನಮ್ಮ ಸುತ್ತಲಿನ ದೇಶಗಳಿಗೆ ಬರೋಣ. 2013ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸೇರಿ ಒಂದು ಅಧ್ಯಯನ ಪ್ರಕಟಿಸಿದವು. ಬಾಂಗ್ಲಾದೇಶ, ಚೀನಾ, ಕಾಂಬೋಡಿಯಾ, ಇಂಡೋನೇಷ್ಯಾ, ಶ್ರೀಲಂಕಾ, ಪಪುವಾ ನ್ಯೂಗಿನಿ, ಈ ಆರು ದೇಶಗಳ ಒಂಬತ್ತು ಪ್ರದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಗಂಡಸರನ್ನು ಮಾತನಾಡಿಸಿದ್ದರು. ಇವರು ಜೈಲಿನಲ್ಲಿದ್ದವರಲ್ಲ, ಮನೆಗಳಲ್ಲಿದ್ದ ಸಾಧಾರಣ ಗಂಡಸರು. ಸೂಕ್ಷ್ಮ ಪ್ರಶ್ನೆಗಳು ಬಂದಾಗ ಕೈಗೊಂದು ಸಣ್ಣ ಯಂತ್ರ ಕೊಟ್ಟು, ಅದು ಕೇಳುವ ಪ್ರಶ್ನೆಗೆ ಯಾರಿಗೂ ಕಾಣದಂತೆ ಅವರೇ ಉತ್ತರ ಒತ್ತುವಂತೆ ಮಾಡಿದ್ದರು. 'ಅತ್ಯಾಚಾರ' ಎಂಬ ಪದವನ್ನು ಪ್ರಶ್ನೆಯಲ್ಲಿ ಬಳಸಲೇ ಇಲ್ಲ. ಹೆಂಡತಿಗೆ ಇಷ್ಟವಿಲ್ಲವೆಂದು ತಿಳಿದೂ, ಅವಳು ಹೆಂಡತಿಯಾದ್ದರಿಂದ ಒಪ್ಪಲೇಬೇಕೆಂದು ಭಾವಿಸಿ ಕೂಡಿದ್ದುಂಟೇ, ಈ ರೀತಿಯ ಪ್ರಶ್ನೆಗಳು.

ಒಟ್ಟಾರೆ ನಾಲ್ವರಲ್ಲಿ ಒಬ್ಬ ಹೌದೆಂದ. ಪದ ಹೇಳಿ ಕೇಳಿದ್ದರೆ ಇಲ್ಲವೆನ್ನುತ್ತಿದ್ದರು. ಏಕೆ ಮಾಡಿದಿರಿ ಎಂದು ಕೇಳಿದರೆ ಹತ್ತರಲ್ಲಿ ಏಳಕ್ಕೂ ಹೆಚ್ಚು ಮಂದಿ ಕೊಟ್ಟ ಉತ್ತರದ ಸಾರ ಒಂದೇ: ನನಗೆ ಬೇಕಿತ್ತು, ಅದು ನನ್ನ ಹಕ್ಕು. ಬೇಸರ ಕಳೆಯಲು, ಮೋಜಿಗೆ ಎಂದವರು ಅನಂತರ. ಸಿಟ್ಟಿಗೆ, ಶಿಕ್ಷೆಯಾಗಿ ಎಂದವರು ಅದರ ಅನಂತರ. ನಾವು ಮೊದಲು ಬೊಟ್ಟು ಮಾಡುವ ಕುಡಿತ ಎಲ್ಲಕ್ಕಿಂತ ಕೊನೆಯಲ್ಲಿತ್ತು. ಐದನೇ ಶೀಲ ಮುರಿದದ್ದರಿಂದ ಮೂರನೆಯದು ಮುರಿಯಿತು ಎಂಬ ಸಮಾಧಾನ ಇಲ್ಲಿ ಹೆಚ್ಚು ನಿಲ್ಲುವುದಿಲ್ಲ. ಹೌದೆಂದವರಲ್ಲಿ ಅರ್ಧದಷ್ಟು ಮಂದಿ ಮೊದಲ ಸಲ ಹಾಗೆ ಮಾಡಿದ್ದು ಇಪ್ಪತ್ತು ತುಂಬುವ ಮೊದಲೇ. ಹೆಚ್ಚಿನವರಿಗೆ ಕಾನೂನಿನ ಬಿಸಿ ತಟ್ಟಲೇ ಇಲ್ಲ. ಅಧ್ಯಯನ ಬಾಲ್ಯವನ್ನೂ ಬಿಟ್ಟಿಲ್ಲ. ಚಿಕ್ಕಂದಿನಲ್ಲಿ ಹಿಂಸೆ ಉಂಡವರಲ್ಲಿ ಪ್ರಮಾಣ ಹೆಚ್ಚೇ ಇತ್ತು. ಆದರೆ ಕೃತ್ಯ ಮಾಡಿದವನ ಬಾಯಲ್ಲಿ ಬಂದದ್ದು ನೋವಿನ ಮಾತಲ್ಲ, ಹಕ್ಕಿನ ಮಾತು.

ಆ ಪಟ್ಟಿಯಲ್ಲಿ ಶ್ರೀಲಂಕಾ, ಕಾಂಬೋಡಿಯಾ ಇವೆ. ಶತಮಾನಗಳಿಂದ ಪಂಚಶೀಲ ಹೇಳಿಕೊಂಡು ಬಂದ ನಾಡುಗಳು. ಬಾಯಲ್ಲಿ ಶೀಲ ಪಠಿಸಿದ ಮಾತ್ರಕ್ಕೆ ಮನೆಯೊಳಗಿನ ಯಜಮಾನಿಕೆ ಕರಗುವುದಿಲ್ಲ ಎಂಬುದನ್ನು, 1956ರ ಅಕ್ಟೋಬರ್ 14ರ ಪ್ರತಿಜ್ಞೆಗಳ ವಾರಸುದಾರರಾದ ನಾವು ಬೇರೆಯವರ ದೇಶದ ಸಂಗತಿ ಎಂದು ಪಕ್ಕಕ್ಕಿಡುವಂತಿಲ್ಲ.

ನಮ್ಮ ದೇಶದಲ್ಲಿ ಮಧುಮಿತಾ ಪಾಂಡೆ ಎಂಬ ಸಂಶೋಧಕಿ 2013ರಿಂದ ದೆಹಲಿಯ ತಿಹಾರ್ ಜೈಲಿಗೆ ಹೋಗಿ ಅತ್ಯಾಚಾರದಲ್ಲಿ ಶಿಕ್ಷೆಯಾದ ನೂರಕ್ಕೂ ಹೆಚ್ಚು ಮಂದಿಯನ್ನು ಮಾತನಾಡಿಸಿದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಹೋಗುವಾಗ ರಾಕ್ಷಸರನ್ನೇ ನೋಡುತ್ತೇನೆಂದುಕೊಂಡಿದ್ದರಂತೆ, ಕಂಡದ್ದು ಸಾಧಾರಣ ಗಂಡಸರನ್ನು. ಹೆಚ್ಚಿನವರು ಶಾಲೆ ಬಿಟ್ಟವರು. ಹೆಣ್ಣಿನ ಒಪ್ಪಿಗೆ ಎಂದರೇನು ಎಂಬುದೇ ಬಹಳಷ್ಟು ಜನರಿಗೆ ತಿಳಿದಿರಲಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಜೈಲಿನಲ್ಲಿ ಮಾಡಿದ ಅಧ್ಯಯನ ಜೈಲಿಗೆ ಬಂದವರನ್ನಷ್ಟೇ ಕಾಣುತ್ತದೆ. ನಮ್ಮ ಜೈಲುಗಳಲ್ಲಿ ಯಾರು ತುಂಬಿದ್ದಾರೆ? ವಕೀಲರನ್ನಿಡಲು ಕಾಸಿಲ್ಲದವರು, ಓದಿಲ್ಲದವರು. ಊರ ದೊಡ್ಡಮನೆಯ ಮಗ ಅಲ್ಲಿಲ್ಲ, ಆದ್ದರಿಂದ ಅಧ್ಯಯನದಲ್ಲೂ ಇಲ್ಲ. ಅವನ ಹೊಲಕ್ಕೆ ಕೂಲಿಗೆ ಹೋದ ನಮ್ಮ ಹೆಣ್ಣುಮಗಳು ದೂರು ಕೊಡುವಷ್ಟರಲ್ಲಿ ಪಂಚಾಯ್ತಿ ಸೇರಿ ರಾಜಿಯಾಗಿರುತ್ತದೆ. "ಅತ್ಯಾಚಾರಿ ಎಂದರೆ ಓದಿಲ್ಲದ ಬಡವ" ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಡೇವಿಡ್ ಲಿಸಾಕ್ ಮತ್ತು ಪಾಲ್ ಮಿಲ್ಲರ್ 1,882 ಗಂಡಸರಿಗೆ ಇದೇ ರೀತಿ ಆ ಪದ ಬಳಸದೆ ಪ್ರಶ್ನೆ ಕೇಳಿದ್ದರು. 2002ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 120 ಮಂದಿ ಕಾನೂನಿನ ಕಣ್ಣಲ್ಲಿ ಅತ್ಯಾಚಾರ ಅಥವಾ ಅದರ ಪ್ರಯತ್ನ ಎನಿಸುವ ಕೃತ್ಯಗಳನ್ನು ಒಪ್ಪಿಕೊಂಡರು. ಓದಿದವರೇ, ಯಾರೂ ಜೈಲು ಕಂಡವರಲ್ಲ.

'ನನ್ನ ಹಕ್ಕು' ಎಂಬ ಆ ಭಾವನೆ ನಮಗೆ ಹೊಸದೇ? ಕೆರೆ ನನ್ನದು, ಬೀದಿ ನನ್ನದು, ನಿನ್ನ ದುಡಿಮೆ ನನ್ನದು ಎಂದವರ ಬಾಯಲ್ಲೇ ನಿನ್ನ ಮೈಯೂ ನನ್ನದು ಎಂಬ ಮಾತೂ ಬಂದದ್ದು. 1916ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ ಪ್ರಬಂಧದಲ್ಲಿ ಜಾತಿ ಉಳಿದದ್ದು ಹೆಣ್ಣಿನ ಮೇಲಿನ ಹಿಡಿತದಿಂದ ಎಂದು ತೋರಿಸಿಕೊಟ್ಟಿದ್ದರು: ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ. ಜಾತಿಯ ಯಜಮಾನಿಕೆಯೂ ಗಂಡಸಿನ ಯಜಮಾನಿಕೆಯೂ ಒಂದೇ ಬೇರಿನವು. ಹೊರಗಿನದನ್ನು ಧಿಕ್ಕರಿಸಿ ಒಳಗಿನದನ್ನು ಸಾಕಿಕೊಳ್ಳುವುದು ಹೇಗೆ ಸಾಧ್ಯ? ಮದುವೆಯಾದ ಮಾತ್ರಕ್ಕೆ ಹೆಂಡತಿ ಎಂದೆಂದಿಗೂ ಒಪ್ಪಿದ್ದಾಳೆ ಎಂದು ಈ ದೇಶದ ದಂಡಸಂಹಿತೆ ಇನ್ನೂ ಗಂಡನಿಗೆ ವಿನಾಯಿತಿ ಇಟ್ಟಿದೆ. ಕಾನೂನು ಬಿಟ್ಟದ್ದನ್ನೆಲ್ಲಾ ಶೀಲ ಬಿಡುವುದಿಲ್ಲ.

ವಿನಯ ಪಿಟಕದಲ್ಲಿ ಭಿಕ್ಖುಣಿ ಉಪ್ಪಲವಣ್ಣಾ ಅವರ ಪ್ರಸಂಗವಿದೆ. ಅವರು ಭಿಕ್ಷೆಗೆ ಹೋಗಿದ್ದಾಗ ಯುವಕನೊಬ್ಬ ಕುಟೀರದಲ್ಲಿ ಅಡಗಿ ಕುಳಿತು, ಮರಳಿದಾಗ ಅವರ ಮೇಲೆ ಬಲಾತ್ಕಾರ ಮಾಡಿದ. ಅವರು ಮುಚ್ಚಿಡಲಿಲ್ಲ, ಉಳಿದ ಭಿಕ್ಖುಣಿಯರಿಗೆ ಹೇಳಿದರು. ವಿಷಯ ಭಗವಾನ್ ಬುದ್ಧರವರೆಗೆ ಹೋಯಿತು. ಆಕೆ ಒಪ್ಪಿರಲಿಲ್ಲ, ಆದ್ದರಿಂದ ಆಕೆಯಲ್ಲಿ ದೋಷವಿಲ್ಲ ಎಂದರು ಬುದ್ಧರು. ಅಷ್ಟೇ. ಯಾವ ಬಟ್ಟೆ ತೊಟ್ಟಿದ್ದಳು, ಏಕೆ ಒಬ್ಬಳೇ ಇದ್ದಳು, ಕೂಗಿದಳೇ, ಇದಾವುದೂ ಆಕೆಯ ದೋಷ ಅಳೆಯಲು ಬರಲಿಲ್ಲ. ಇದನ್ನು 1972ರ ಮಥುರಾ ಪ್ರಕರಣದೊಂದಿಗೆ ಇಟ್ಟು ನೋಡಿ. ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲಿನ ಅತ್ಯಾಚಾರದ ಮೊಕದ್ದಮೆ ಅದು. ಮೈಮೇಲೆ ಗಾಯವಿಲ್ಲ, ಕೂಗಾಡಲಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಪೊಲೀಸರನ್ನು ಬಿಡುಗಡೆ ಮಾಡಿತು. ಜನ ಬೀದಿಗಿಳಿದ ಮೇಲೆ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಪ್ರತಿರೋಧ ಒಡ್ಡಲಿಲ್ಲ ಎಂಬ ಮಾತ್ರಕ್ಕೆ ದಲಿತ, ಆದಿವಾಸಿ ಹೆಣ್ಣು ಒಪ್ಪಿದಳೆಂದು ತಿಳಿಯಬಾರದು ಎಂಬ ಮಾತು ಇಂದು ನಮ್ಮ ದೌರ್ಜನ್ಯ ತಡೆ ಕಾಯ್ದೆಯೊಳಗೇ ಇದೆ.

ಹಾಗಾದರೆ ಮಾಡಿದವನಿಗೆ ಧಮ್ಮದಲ್ಲಿ ಏನಿದೆ? ಎಲ್ಲರೂ ಅಂಗುಲಿಮಾಲನ ಹೆಸರು ಹೇಳುತ್ತಾರೆ. ಗುರು ಮೋಸ ಮಾಡಿದ, ಸಾವಿರ ಬೆರಳು ಕೇಳಿದ, ಪಾಪ ಅಹಿಂಸಕನೆಂಬ ಹುಡುಗ ಕೆಟ್ಟ ಎಂಬ ಕತೆ ನಮಗೆ ಬಾಯಿಪಾಠ. ಆದರೆ ಆ ಹಿನ್ನೆಲೆ ಸುತ್ತದಲ್ಲಿಲ್ಲ, ಅನಂತರ ಬಂದ ಅಟ್ಠಕಥೆಯಲ್ಲಿದೆ. ಸುತ್ತದಲ್ಲಿ ಬುದ್ಧರು ಅವನ ಬಾಲ್ಯವನ್ನು ವಿಚಾರಿಸುವುದಿಲ್ಲ. ನಿಲ್ಲು ಎನ್ನುತ್ತಾರೆ. ಅವನು ನಿಂತ, ಭಿಕ್ಖುವಾದ. ಮುಂದಿನದನ್ನು ನಾವು ಹೆಚ್ಚಾಗಿ ಬಿಟ್ಟುಬಿಡುತ್ತೇವೆ. ಭಿಕ್ಷೆಗೆ ಹೋದಾಗ ಕಲ್ಲು, ದೊಣ್ಣೆ ಬಿದ್ದು ತಲೆ ಒಡೆದು, ಪಾತ್ರೆ ಚೂರಾಗಿ, ಚೀವರ ಹರಿದು ಅವನು ಮರಳುತ್ತಾನೆ. ಬುದ್ಧರು ಅದನ್ನು ತಪ್ಪಿಸಲಿಲ್ಲ. ಸಹಿಸಿಕೋ, ಇದು ನಿನ್ನ ಕರ್ಮದ ಫಲ ಎಂದರು. ನೊಂದವರ ಬಳಿ ಹೋಗಿ ಇವನನ್ನು ಕ್ಷಮಿಸಿ ಎಂದು ಒತ್ತಾಯಿಸಿದ್ದೂ ಇಲ್ಲ. ಹಿನ್ನೆಲೆಯ ತಿಳಿವಳಿಕೆ ನಮಗೆ ಬೇಕು, ಮುಂದಿನ ಹುಡುಗ ಹಾಗಾಗದಂತೆ ತಡೆಯಲು. ಮಾಡಿದವನ ಹೊಣೆ ಇಳಿಸಲು ಅದನ್ನು ಬಳಸಲಾಗದು.

ಅರ್ಧದಷ್ಟು ಮಂದಿ ಇಪ್ಪತ್ತರೊಳಗೆ ಎಂದೆನಲ್ಲ, ಹಾಗಾದರೆ ನಮ್ಮ ಕೆಲಸ ಹತ್ತು ಹನ್ನೆರಡರ ಹುಡುಗನ ಹತ್ತಿರ. ಅವನನ್ನು ಬೆಲ್ಟಿನಿಂದ ಹೊಡೆದು ತಿದ್ದುತ್ತೇವೆಂಬುದನ್ನು ಬಿಡಬೇಕು. ಅಕ್ಕನ ಕೈಯಲ್ಲಿ ಅವನ ತಟ್ಟೆ ತೊಳೆಸುವುದನ್ನು ಬಿಡಬೇಕು. ಬೇಡ ಎಂದರೆ ಬೇಡ ಎಂದೇ ಅರ್ಥ ಎಂಬುದನ್ನು ಅವನು ಮೊದಲು ಅಪ್ಪನ ಬಾಯಿಂದ ಕೇಳಬೇಕು, ಅಪ್ಪ ಅಮ್ಮನೊಂದಿಗೆ ನಡೆದುಕೊಳ್ಳುವುದರಲ್ಲಿ ನೋಡಬೇಕು. ಮಗು ಏನಾದರೂ ಹೇಳಿಕೊಂಡರೆ, ಗಂಡಾಗಲಿ ಹೆಣ್ಣಾಗಲಿ, ಮೊದಲು ನಂಬಿ. ಮಕ್ಕಳ ಸಹಾಯವಾಣಿ 1098. ಹದಿನೆಂಟರೊಳಗಿನ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಮಾಡಿದವರು ಮನೆಯವರೇ ಆಗಿದ್ದರೂ, ಸಮಾಜದ ಮುಖಂಡರೇ ಆಗಿದ್ದರೂ.

ಈ ಭಾನುವಾರದ ಅಧ್ಯಯನಕ್ಕೆ 'ಬುದ್ಧ ಮತ್ತು ಅವನ ಧಮ್ಮ'ದಿಂದ ಅಂಗುಲಿಮಾಲನ ಭಾಗವನ್ನು ಓದಿಕೊಂಡು ಬನ್ನಿ. ಹನ್ನೆರಡು ದಾಟಿದ ಗಂಡುಮಕ್ಕಳನ್ನೂ ಕರೆತನ್ನಿ. ಈ ಸಲ ಅವರನ್ನು ಅಪ್ಪಂದಿರೇ ಕರೆತರಲಿ.

*ಜೈಭೀಮ್. ನಮೋ ಬುದ್ಧಾಯ.*