ಹಳೆಯ ಜೀಪೂ ನಾಗಸೇನನ ರಥವೂ

ಕೊಡಚಾದ್ರಿಯ ಜೀಪ್ ದಾರಿಯನ್ನು ರಸ್ತೆ ಎಂದು ಕರೆಯಲು ಯಾರಿಗೂ ಬಾಯಿ ಬರುವುದಿಲ್ಲ. ಮಳೆ ಕೊರೆದ ಕೊರಕಲು, ಉರುಳುಗಲ್ಲು, ಚಕ್ರ ಹೂತುಹೋಗುವ ಕೆಮ್ಮಣ್ಣು. 1,343 ಮೀಟರ್ ಎತ್ತರದ ಬೆಟ್ಟದ ಮೇಲೆ ಆದಿಶಂಕರರ ಹೆಸರಿನ ಸರ್ವಜ್ಞಪೀಠವಿದೆ. ಕೊಲ್ಲೂರು, ನಿಟ್ಟೂರು ಕಡೆಯಿಂದ ಬರುವ ಭಕ್ತರನ್ನು ಅಲ್ಲಿಯ ಹಳೆಯ ಜೀಪುಗಳು ಮೇಲಕ್ಕೆ ಹೊತ್ತೊಯ್ಯುತ್ತವೆ. ಕೊನೆಯ ಏರು ಮಾತ್ರ ಕಾಲ್ನಡಿಗೆ. ಇಂಥ ದಾರಿಯಲ್ಲಿ ವರ್ಷಗಟ್ಟಲೆ ದುಡಿದ ಗಾಡಿಯ ಮೈಯಲ್ಲಿ ಹುಟ್ಟಿದಾಗ ಇದ್ದದ್ದು ಎಷ್ಟು ಉಳಿದಿರುತ್ತದೆ? ಎಂಜಿನ್ ಬೇರೆ ಗಾಡಿಯದು, ಬಾಗಿಲು ಗುಜರಿಯದು, ತಳದ ತಗಡು ಊರಿನ ವೆಲ್ಡಿಂಗ್ ಅಂಗಡಿಯದು. ಆದರೂ ಆರ್‌ಸಿ ಪುಸ್ತಕದಲ್ಲಿ ಅದು ಅದೇ ಜೀಪು.

ಕಡಿಮೆ ದುಡ್ಡಿನಲ್ಲಿ ಹಳೆಯ ಫೋರ್ ವೀಲ್ ಡ್ರೈವ್ ಕೊಳ್ಳಲು ಹೊರಟವರು ಮೊದಲು ಎದುರಿಸಬೇಕಾದ ಪ್ರಶ್ನೆ ಇದೇ: ಕೊಳ್ಳುತ್ತಿರುವುದು ನಿಜವಾಗಿ ಏನನ್ನು?

ಇದನ್ನೇ ಒಬ್ಬ ಭಿಕ್ಷು ಎರಡು ಸಾವಿರ ವರ್ಷಗಳ ಹಿಂದೆ ಒಬ್ಬ ಯವನ ದೊರೆಯ ಮುಂದಿಟ್ಟನೆಂದು ಪಾಲಿ ಭಾಷೆಯ ‘ಮಿಲಿಂದಪಞ್ಹ’ ಹೇಳುತ್ತದೆ. ಸಾಗಲದ ದೊರೆ ಮಿಲಿಂದ, ಅಂದರೆ ಮೆನಾಂಡರ್, ರಥದಲ್ಲಿ ಬಂದಿದ್ದ. ನಾಗಸೇನ ಕೇಳಿದ್ದು ಸರಳ: ಅಚ್ಚು ರಥವೇ? ಚಕ್ರ ರಥವೇ? ನೊಗ ರಥವೇ? ಎಲ್ಲಕ್ಕೂ ಅಲ್ಲ ಎಂದ ದೊರೆ, ಹಾಗಾದರೆ ರಥ ಎಲ್ಲಿದೆ ಎಂಬಲ್ಲಿಗೆ ಬಂದು ನಿಂತ. ಬಿಡಿಭಾಗಗಳು ಕೂಡಿದಾಗ ಇಟ್ಟುಕೊಳ್ಳುವ ವ್ಯವಹಾರದ ಹೆಸರಷ್ಟೇ ರಥ ಎಂಬುದು ಕೊನೆಗೆ ಸಿಕ್ಕ ಉತ್ತರ. ಮನುಷ್ಯನೂ ಹಾಗೆಯೇ ಎಂದು ತೋರಿಸುವುದು ನಾಗಸೇನನ ಗುರಿಯಾಗಿತ್ತು.

ನಮ್ಮ ಕಾನೂನು ನಾಗಸೇನನನ್ನು ಒಪ್ಪುವುದಿಲ್ಲ. ಅದಕ್ಕೆ ಗಾಡಿಯ ಗುರುತು ಚಾಸಿಸ್‌ನಲ್ಲಿದೆ. ಎಂಜಿನ್ ಬದಲಿಸಬಹುದು, ಆದರೆ ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ತಯಾರಕರು ಕೊಟ್ಟ ಮೂಲ ಸ್ವರೂಪಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿಯೇ ಹೇಳಿತು. ಆದ್ದರಿಂದ ಹಳೆಯ ಜೀಪು ನೋಡಲು ಹೋದವರು ಬಣ್ಣಕ್ಕೆ ಮರುಳಾಗುವ ಮೊದಲು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಚಾಸಿಸ್‌ನ ಮಣ್ಣು, ಗ್ರೀಸು ಒರೆಸಿ, ಅಲ್ಲಿ ಹೊಡೆದ ಅಂಕಿಗಳನ್ನು ಆರ್‌ಸಿಯ ಜೊತೆ ಒಂದೊಂದಾಗಿ ತಾಳೆ ನೋಡಬೇಕು. ಅಂಕಿಯ ಸುತ್ತ ಉಜ್ಜಿದ ಗುರುತೋ ಹೊಸ ವೆಲ್ಡಿಂಗೋ ಕಂಡರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬಿಟ್ಟು ಬರುವುದೇ ಸರಿ. ಎಂಜಿನ್ನನ್ನು ಮತ್ತೆ ಕಟ್ಟಬಹುದು. ಗುರುತು ಕಳೆದುಕೊಂಡ ಚಾಸಿಸ್‌ಗೆ ಯಾವ ಮೇಸ್ತ್ರಿಯ ಹತ್ತಿರವೂ ಮದ್ದಿಲ್ಲ.

ಹಾಗೆಂದು ಎಲ್ಲರೂ ಹುಡುಕುವ ಜೀಪು ಒಂದೇ ಅಲ್ಲ. ಶ್ರವಣಬೆಳಗೊಳದ 12ನೇ ಶತಮಾನದ ಮಲ್ಲಿಷೇಣ ಪ್ರಶಸ್ತಿ ಕೊಂಡಾಡುವ ಜೈನಾಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಒಂದು ನಿದರ್ಶನ ಕೊಡುತ್ತಾರೆ. ಚಿನ್ನದ ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಿದ್ದವನಿಗೆ ದುಃಖ, ಕಿರೀಟ ಬೇಕಿದ್ದವನಿಗೆ ಸಂತೋಷ, ಚಿನ್ನ ಬೇಕಿದ್ದವನಿಗೆ ಎರಡೂ ಇಲ್ಲ. ಮೂವರ ಅನುಭವವೂ ನಿಜ, ಏಕೆಂದರೆ ಅಳಿವು, ಹುಟ್ಟು, ಉಳಿವು ಮೂರೂ ಆ ಒಂದೇ ವಸ್ತುವಿನಲ್ಲಿ ಒಟ್ಟಿಗೆ ಇವೆ.

ಹಳೆಯ ಗಾಡಿ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ಕೊಟ್ಟವರು ಕಡಿಮೆ. ಮಹೀಂದ್ರ 1947ರಿಂದ ಜೋಡಿಸತೊಡಗಿದ ವಿಲ್ಲೀಸ್ ಜೀಪನ್ನು ಮೂಲರೂಪದಲ್ಲೇ ಬಯಸುವವರಿಗೆ ಬೇಕಾದದ್ದು ಕೊಡ; ಒಂದು ಹಳೆಯ ಮೀಟರಿಗಾಗಿ ಅವರು ಊರೂರು ಅಲೆಯುತ್ತಾರೆ. ದೊಡ್ಡ ಟೈರು, ಹೊಸ ಸೀಟು, ಸಾಲು ದೀಪ ಹಾಕಿಸುವವರಿಗೆ ಕಿರೀಟ ಬೇಕು. ಕಾಫಿ ತೋಟದ ಏರಿನಲ್ಲಿ ಗೊಬ್ಬರದ ಮೂಟೆ ಸಾಗಿಸಬೇಕಾದವರಿಗೆ ಚಿನ್ನ ಸಾಕು: ಪ್ಯೂಜೋದ 2,112 ಸಿಸಿ ಡೀಸೆಲ್ ಎಂಜಿನ್ನಿನ ಎಂಎಂ540 ಆದರೇನು, 1985ರಲ್ಲಿ 970 ಸಿಸಿ ಪೆಟ್ರೋಲ್ ಎಂಜಿನ್ನಿನೊಂದಿಗೆ ಬಂದ ಮಾರುತಿ ಜಿಪ್ಸಿ ಆದರೇನು, ಲೋ ಗೇರಿನಲ್ಲಿ ನಾಲ್ಕೂ ಚಕ್ರ ಹಿಡಿದರೆ ಆಯಿತು. ತಮಗೆ ಬೇಕಾದದ್ದು ಮೂರರಲ್ಲಿ ಯಾವುದೆಂದು ಮುಂಗಡ ಕೊಡುವ ಮೊದಲೇ ತೀರ್ಮಾನಿಸದವರು ಮೂರಕ್ಕೂ ದುಡ್ಡು ಸುರಿಯುತ್ತಾರೆ. ಬಜೆಟ್ ಹಳಿ ತಪ್ಪುವುದು ಹೆಚ್ಚಾಗಿ ಅಲ್ಲಿಯೇ.

ಇನ್ನು ವಿಮೆ. ಇಲ್ಲಿ ಕಾಲದ ಪ್ರಶ್ನೆ ಬರುತ್ತದೆ. ಐದು ವರ್ಷದವರೆಗೆ ಗಾಡಿಯ ಬೆಲೆ ಇಳಿಯುವುದಕ್ಕೆ ಗೊತ್ತಾದ ಲೆಕ್ಕವಿದೆ. ಐದು ದಾಟಿದ ಮೇಲೆ ಐಡಿವಿ, ಅಂದರೆ ವಿಮೆಯ ಮಟ್ಟಿಗೆ ಗಾಡಿಯ ಬೆಲೆ, ಮಾಲೀಕರೂ ಕಂಪನಿಯೂ ಮಾತಾಡಿಕೊಂಡು ಒಪ್ಪುವ ಮೊತ್ತ. ಹತ್ತು ವರ್ಷ ಮೀರಿದ ಗಾಡಿಯ ಲೋಹದ ಭಾಗ ಬದಲಿಸಿದರೆ ಸಾಮಾನ್ಯ ಪಾಲಿಸಿಯಲ್ಲಿ ಅರ್ಧ ಬೆಲೆ ಸವಕಳಿಗೆ ಹೋಗುತ್ತದೆ. ದುರಸ್ತಿ ಖರ್ಚು ಐಡಿವಿಯ ಶೇ 75 ದಾಟಿತೋ, ಗಾಡಿ ಪೂರ್ತಿ ನಷ್ಟವಾಯಿತೆಂದೇ ಲೆಕ್ಕ. ಇದೆಲ್ಲಕ್ಕಿಂತ ಯೋಚಿಸಬೇಕಾದ್ದು ಇನ್ನೊಂದು ಷರತ್ತು: ಸವೆತಕ್ಕೂ ಯಂತ್ರ ತಾನಾಗಿ ಕೆಟ್ಟದ್ದಕ್ಕೂ ಪರಿಹಾರವಿಲ್ಲ. ಮನುಷ್ಯರು ಕೂಡಿ ಹಂಚಿಕೊಳ್ಳಲು ಒಪ್ಪಿದ್ದು ಆಕಸ್ಮಿಕವನ್ನು ಮಾತ್ರ, ಕಾಲವನ್ನಲ್ಲ. ಕಾಲದ ಪಾಲನ್ನು ಪ್ರತಿಯೊಬ್ಬರೂ ಗ್ರೀಸ್ ಗನ್ ಹಿಡಿದು ತಾವೇ ತೀರಿಸಬೇಕು.

ಹಾಗಾಗಿ ಅಗ್ಗದ ಹಳೆಯ ಜೀಪಿಗೆ ಫುಲ್ ಇನ್ಶೂರೆನ್ಸ್ ಬೇಕೇ ಎಂದು ಲೆಕ್ಕ ಹಾಕಿ ನೋಡಬಹುದು. ಥರ್ಡ್ ಪಾರ್ಟಿ ವಿಮೆಗೆ ಆ ಆಯ್ಕೆ ಇಲ್ಲ, ಇರಬಾರದು ಕೂಡ. 1988ರ ಮೋಟಾರು ವಾಹನ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ತನ್ನ ತಗಡಿಗಿಂತ ದಾರಿಹೋಕನ ಜೀವ ಮುಖ್ಯವೆಂಬ ಧರ್ಮವನ್ನು ಕಾಯ್ದೆಯ ಭಾಷೆಯಲ್ಲಿ ಇಷ್ಟು ನೇರವಾಗಿ ಬರೆದ ಜಾಗಗಳು ಹೆಚ್ಚಿಲ್ಲ.

ಮಿಲಿಂದ ಅಷ್ಟಕ್ಕೇ ಸುಮ್ಮನಾದವನಲ್ಲ. ಮತ್ತೆ ಹುಟ್ಟುವವನು ಅದೇ ವ್ಯಕ್ತಿ ಅಲ್ಲವೆಂದರೆ ಹಳೆಯ ಪಾಪದಿಂದ ಬಿಡುಗಡೆ ಸಿಕ್ಕಂತಲ್ಲವೇ ಎಂದು ಪಟ್ಟು ಹಾಕಿದ. ನಾಗಸೇನ ಮಾವಿನಹಣ್ಣಿನ ಕಳ್ಳನ ಕಥೆ ಹೇಳಿದ. ನೆಟ್ಟ ಮಾವೇ ಬೇರೆ, ತಾನು ಕಿತ್ತ ಮಾವೇ ಬೇರೆ ಎಂದು ಕಳ್ಳ ವಾದಿಸಿದರೆ ದೊರೆ ಬಿಟ್ಟಾನೆಯೇ? ಮೊದಲಿನದರಿಂದಲೇ ಎರಡನೆಯದು ಬಂದದ್ದು, ತಪ್ಪು ತಪ್ಪೇ. ವಸ್ತು ಅದೇ ಆಗಿ ಉಳಿಯದಿದ್ದರೂ ಕಾರಣದ ಸರಪಳಿ ಹರಿಯುವುದಿಲ್ಲ, ಹೊಣೆಯೂ ಹರಿಯುವುದಿಲ್ಲ.

ಈ ಸರಪಳಿಯನ್ನು ಕಣ್ಣಾರೆ ನೋಡಬೇಕೆಂದರೆ ಹಳೆಯ ಜೀಪಿನ ಕೆಳಗೆ ಮಲಗಬೇಕು. ಡಿಫರೆನ್ಷಿಯಲ್‌ನ ಬೋಲ್ಟ್ ಬಿಚ್ಚಿ ಬೆರಳು ಹಾಕಿದಾಗ ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಹಿಂದಿನ ಮಾಲೀಕರು ಹೊಳೆ ದಾಟಿಸಿದ್ದಾರೆ. ಬಿಸಿಯಾಗಿದ್ದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಸೀಲುಗಳ ಸಂದಿಯಿಂದ ನೀರು ಎಳೆದುಕೊಂಡಿದೆ. ಆಮೇಲೆ ಎಣ್ಣೆ ಬದಲಿಸಿಲ್ಲ. ಹಲ್ಲು, ಬೇರಿಂಗು ಸವೆದು ಕೂಗುವಾಗ ಸ್ಟಿಯರಿಂಗ್ ಹಿಡಿದಿರುವುದು ಹೊಸಬರು. ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುಗಿಸಿದ ಗಾಡಿಯ ಕಥೆಯೂ ಇದೇ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಕ್ರಮಿಸುವ ದೂರ ಬೇರೆ ಬೇರೆ. ಎರಡು ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಇಂಥ ಗಾಡಿಗಳಲ್ಲಿ ಆ ತಿಕ್ಕಾಟ ನೇರವಾಗಿ ಗೇರುಗಳ ಮೇಲೆ ಬೀಳುತ್ತದೆ. ಅದಕ್ಕೇ ಫೋರ್ ವೀಲ್ ಪರೀಕ್ಷಿಸುವುದು ಮಣ್ಣಿನ ಮೇಲೆ. ಗಾಡಿ ಮನೆಗೆ ತಂದ ಮೊದಲ ವಾರದಲ್ಲೇ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆ ಪೂರ್ತಿ ಬದಲಿಸುವುದು ಅನುಭವಿಗಳ ರೂಢಿ. ಕೊಂಡ ಬೆಲೆಯ ಮುಂದೆ ಆ ಖರ್ಚು ಸಣ್ಣದು.

ಮಾರಿದವರೂ ಅಷ್ಟು ಸುಲಭವಾಗಿ ಕೈತೊಳೆದುಕೊಳ್ಳುವಂತಿಲ್ಲ. ಗಾಡಿ ಕೈಯಿಂದ ಕೈಗೆ ಹೋಗಿದ್ದರೂ ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿತು. ಒಂದೇ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರು ವಿಮಾ ಕಂಪನಿಗೆ 14 ದಿನದೊಳಗೆ ಅರ್ಜಿ ಕೊಡಬೇಕು. ಗಾಡಿಯ ಜೊತೆ ಥರ್ಡ್ ಪಾರ್ಟಿ ರಕ್ಷಣೆ ತಾನಾಗಿ ಹೊಸಬರಿಗೆ ಬರುತ್ತದೆ. ಕ್ಲೇಮ್ ಮಾಡದೆ ವರ್ಷಗಳನ್ನು ಕಳೆದದ್ದಕ್ಕೆ ಸಿಗುವ ರಿಯಾಯಿತಿ, ಶೇ 50ರವರೆಗೂ ಏರಬಲ್ಲ ನೋ ಕ್ಲೇಮ್ ಬೋನಸ್, ಮಾತ್ರ ಬರುವುದಿಲ್ಲ. ಅದು ಗಾಡಿಯದಲ್ಲ, ಜೋಪಾನವಾಗಿ ಓಡಿಸಿದವರದು. ಪತ್ರ ಬರೆಸಿಕೊಂಡರೆ ಅದನ್ನು ಅವರು ತಮ್ಮ ಮುಂದಿನ ಗಾಡಿಗೆ ಒಯ್ಯಬಹುದು. ಹಳೆಯ ಜೀಪು ಕೊಂಡವರು ತಮ್ಮ ಬೋನಸ್ಸನ್ನು ಸೊನ್ನೆಯಿಂದ ಗಳಿಸತೊಡಗಬೇಕು.